ದಿನಾ ಕ್ಯಾಮೆರಾ ಒಯ್ಯಬೇಕಾ?

ಒಯ್ಯಬೇಕೋ ಬೇಡವೋ ಅಂತ ಗೊಂದಲ ಇರುವವರು ಮೊದಲು ಎರಡು ವಾರ ಒಯ್ದು ನೋಡಿ. ಇಡೀ ಕಿಟ್ ಬೇಡ. ಒಂದು ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ), 35 ಎಂಎಂ ಅಥವಾ 50 ಎಂಎಂನ ಒಂದೇ ಲೆನ್ಸ್, ಅಷ್ಟೇ. ಭಾರ ಹೆಚ್ಚಾದರೆ ಮೂರನೇ ದಿನಕ್ಕೇ ಮನೆಯಲ್ಲಿ ಉಳಿದುಬಿಡುತ್ತದೆ. ಬ್ಯಾಗಿನ ತಳದಲ್ಲಿ ಹೂತಿಟ್ಟರೆ ಇದ್ದೂ ಇಲ್ಲದ ಹಾಗೆ, ಕೈಗೆ ತಕ್ಷಣ ಸಿಗಬೇಕು. ನಾನಂತೂ ಹಗಲು ಹೊರಡುವ ಮೊದಲೇ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಎಫ್ 8, ಶಟರ್ ವೇಗ 1/250 ಸೆಕೆಂಡ್, ಬೆಳಕಿಗೆ ತಕ್ಕಂತೆ ಕ್ಯಾಮೆರಾವೇ ಸಂವೇದನೆ ಹೊಂದಿಸಿಕೊಳ್ಳುವ ಆಟೋ ಐಎಸ್‌ಒ ಇಟ್ಟುಕೊಳ್ಳುತ್ತೇನೆ. ಮಳೆನೀರು ಇಳಿಯುವ ಗಾಜಿನಾಚೆ ಯಾರೋ ಕೊಡೆ ಬಿಚ್ಚುವ ಗಳಿಗೆ, ನಾವು ಸೆಟ್ಟಿಂಗ್ ಹುಡುಕುವ ತನಕ ಕಾಯುವುದಿಲ್ಲ. ನೆನೆದ ಬ್ಯಾಗಿನಲ್ಲಿ ಮಾತ್ರ ಹಾಗೇ ಬಿಡಬೇಡಿ, ತೇವಕ್ಕೆ ಲೆನ್ಸಿನೊಳಗೆ ಫಂಗಸ್ ಹಿಡಿಯುತ್ತದೆ. ಎರಡು ವಾರದಲ್ಲಿ ಹೊರಗೆ ತೆಗೆದದ್ದೇ ಕಡಿಮೆ ಅನ್ನಿಸಿದರೆ ರಜಾದಿನಕ್ಕಷ್ಟೇ ಒಯ್ಯಿರಿ, ಉಳಿದ ದಿನ ಫೋನ್ ಸಾಕು.