ಅಮೆರಿಕದ ದಕ್ಷಿಣ ರಾಜ್ಯಗಳಿಗೆ ಓದಲು ಬಂದವರಿಗೆ: ಕಾರು, ಎಸ್‌ಎಸ್‌ಎನ್ ಇಲ್ಲದ ಮೊದಲ ತಿಂಗಳುಗಳು

ಅಮೆರಿಕ ಅಂದಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ನ್ಯೂಯಾರ್ಕ್‌ನ ಸಬ್‌ವೇ, ಇಲ್ಲವೇ ಕ್ಯಾಲಿಫೋರ್ನಿಯಾದ ಕಂಪನಿಗಳು. ಸೀಟು ಸಿಗುವುದು ಮಾತ್ರ ಎಷ್ಟೋ ಜನರಿಗೆ ಅಲಬಾಮಾದ ಆಬರ್ನ್, ಜಾರ್ಜಿಯಾದ ಆಥೆನ್ಸ್, ಟೆಕ್ಸಸ್‌ನ ಕಾಲೇಜ್ ಸ್ಟೇಷನ್, ಸೌತ್ ಕೆರೊಲಿನಾದ ಕ್ಲೆಮ್ಸನ್‌ನಂಥ ಊರುಗಳಲ್ಲಿ. ಯೂನಿವರ್ಸಿಟಿಯನ್ನೇ ನಂಬಿಕೊಂಡು ಬೆಳೆದ ಊರುಗಳು ಇವು. ಚಳಿ ಕಡಿಮೆ, ದೊಡ್ಡ ನಗರಗಳಿಗೆ ಹೋಲಿಸಿದರೆ ಬಾಡಿಗೆಯೂ ಕಡಿಮೆ, ಜನ ತಾವಾಗಿಯೇ ಮಾತಾಡಿಸುತ್ತಾರೆ. ತೊಡಕು ಒಂದೇ. ಇಲ್ಲಿನ ವ್ಯವಸ್ಥೆಯೆಲ್ಲ ನಿಮ್ಮ ಹತ್ತಿರ ಕಾರು ಇದೆ, ಸೋಶಿಯಲ್ ಸೆಕ್ಯುರಿಟಿ ನಂಬರ್ (ಎಸ್‌ಎಸ್‌ಎನ್, ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಇದೆ ಎಂದುಕೊಂಡೇ ನಡೆಯುತ್ತದೆ. ಬಂದಿಳಿದ ನಿಮ್ಮ ಹತ್ತಿರ ಎರಡೂ ಇರುವುದಿಲ್ಲ. ಅವು ಕೈಗೆ ಬರುವವರೆಗಿನ ದಿನಗಳನ್ನು ದಾಟುವುದೇ ಮೊದಲ ಸೆಮಿಸ್ಟರಿನ ನಿಜವಾದ ಪರೀಕ್ಷೆ. ಕ್ಲಾಸಿನದು ಹೇಗೋ ಆಗುತ್ತದೆ.

ಮನೆ ಹುಡುಕುವಾಗ ಎಲ್ಲರೂ ಮೊದಲು ನೋಡುವುದು ಬಾಡಿಗೆ. ಇಲ್ಲಿ ಮೊದಲು ನೋಡಬೇಕಾದ್ದು ಬಸ್ಸಿನ ಮ್ಯಾಪು. ತಿಂಗಳಿಗೆ ನೂರು ಡಾಲರ್ ಉಳಿಯುತ್ತದೆಂದು ಊರಾಚೆ ಮನೆ ಹಿಡಿದರೆ ಆ ನೂರು ಡಾಲರ್ ಊಬರ್‌ಗೆ ಹೋಗಲು ತಿಂಗಳೇನೂ ಬೇಕಿಲ್ಲ. ಯೂನಿವರ್ಸಿಟಿಯ ಬಸ್ಸುಗಳು ಸಾಮಾನ್ಯವಾಗಿ ಕ್ಲಾಸಿರುವ ದಿನಗಳ ಲೆಕ್ಕದಲ್ಲಿ ಓಡುತ್ತವೆ. ಭಾನುವಾರ, ರಾತ್ರಿ, ಬೇಸಿಗೆ ರಜೆಯಲ್ಲಿ ಕಡಿಮೆಯಾಗುತ್ತವೆ, ಕೆಲವು ನಿಂತೇ ಹೋಗುತ್ತವೆ. ರಾತ್ರಿ ಹನ್ನೊಂದರವರೆಗೆ ಲ್ಯಾಬಿನಲ್ಲಿರುವವರು ಕೊನೆಯ ಬಸ್ಸಿನ ಹೊತ್ತನ್ನು ಮನೆ ನೋಡುವ ಮೊದಲೇ ತಿಳಿದುಕೊಳ್ಳಬೇಕು. ನಡೆದು ಹೋಗುತ್ತೇನೆ ಎಂಬ ಧೈರ್ಯವೂ ಬೇಡ. ಮ್ಯಾಪಿನಲ್ಲಿ ಅರ್ಧ ಮೈಲಿ ಎಂದು ಕಂಡ ದಿನಸಿ ಅಂಗಡಿಗೂ ನಿಮಗೂ ನಡುವೆ ಆರು ಲೇನಿನ ರಸ್ತೆ ಇರಬಹುದು. ಫುಟ್‌ಪಾತ್ ಯಾವುದೋ ಪೆಟ್ರೋಲ್ ಬಂಕಿನ ಮುಂದೆ ಇದ್ದಕ್ಕಿದ್ದಂತೆ ಮುಗಿದು ಹುಲ್ಲು ಶುರುವಾಗುತ್ತದೆ. ಆ ಹುಲ್ಲಿನಲ್ಲಿ ಚಪ್ಪಲಿ ಹಾಕಿಕೊಂಡು ನಿಲ್ಲಬೇಡಿ. ಫೈರ್ ಆಂಟ್ ಎಂಬ ಕೆಂಪಿರುವೆ ಅಲ್ಲೇ ಗೂಡು ಮಾಡಿರುತ್ತದೆ, ಕಚ್ಚಿದಲ್ಲೆಲ್ಲ ಮರುದಿನ ಕೀವುಗುಳ್ಳೆ ಏಳುತ್ತದೆ. ಎಲ್ಲ ಊರೂ ಹೀಗಲ್ಲ ಅನ್ನಿ. ನಾರ್ತ್ ಕೆರೊಲಿನಾದ ಚಾಪೆಲ್ ಹಿಲ್‌ನಲ್ಲಿ 2002ರಿಂದ ಊರಿನ ಬಸ್ಸಿಗೆ ಟಿಕೆಟ್ಟೇ ಇಲ್ಲ. ಅಟ್ಲಾಂಟಾದಲ್ಲಿ ಮಾರ್ಟಾ ರೈಲು ಏರ್‌ಪೋರ್ಟಿನೊಳಗಿಂದಲೇ ಹೊರಡುತ್ತದೆ, ಜಾರ್ಜಿಯಾ ಟೆಕ್‌ನವರು ಕಾರಿಲ್ಲದೆಯೂ ಓದು ಮುಗಿಸಬಹುದು.

ಬಾಡಿಗೆಯ ಕರಾರು, ಅಂದರೆ ಲೀಸ್, ಹೆಚ್ಚಾಗಿ ಆಗಸ್ಟ್‌ನಿಂದ ಜುಲೈವರೆಗೆ ಪೂರ್ತಿ ವರ್ಷದ್ದು. ನಡುವೆ ಬಿಟ್ಟು ಹೋಗುತ್ತೇನೆಂದರೆ ಬಿಡುವುದಿಲ್ಲ. ನಿಮ್ಮ ಜಾಗಕ್ಕೆ ಇನ್ನೊಬ್ಬರನ್ನು ಸಬ್‌ಲೀಸ್‌ಗೆ ತರಬೇಕು, ಅದಕ್ಕೂ ಅಪಾರ್ಟ್‌ಮೆಂಟಿನ ಆಫೀಸಿನ ಒಪ್ಪಿಗೆ ಬೇಕು. ಸಹಿ ಹಾಕುವ ಮುಂಚೆ ಒಂದು ವಿಷಯ ಬಿಡಿಸಿ ಕೇಳಿ: ಲೀಸ್ ರೂಮಿಗೊಂದೋ, ಮನೆಗೆಲ್ಲ ಸೇರಿ ಒಂದೋ? ಮನೆಗೆಲ್ಲ ಒಂದೇ ಆದರೆ, ರೂಮ್‌ಮೇಟ್ ಡಿಸೆಂಬರಿನಲ್ಲಿ ಗಂಟುಮೂಟೆ ಕಟ್ಟಿದ ದಿನದಿಂದ ಅವನ ಪಾಲೂ ನಿಮ್ಮ ತಲೆಗೇ. ಎಸ್‌ಎಸ್‌ಎನ್ ಇಲ್ಲ, ಕ್ರೆಡಿಟ್ ಹಿಸ್ಟರಿ (ಸಾಲ ತೆಗೆದು ತೀರಿಸಿದ ದಾಖಲೆ) ಇಲ್ಲ ಎಂದರೆ ಗ್ಯಾರಂಟಿ ಹಾಕುವವರನ್ನು ಕೇಳುತ್ತಾರೆ, ಇಲ್ಲವೇ ಹೆಚ್ಚಿನ ಡೆಪಾಸಿಟ್. ಅಸಿಸ್ಟೆಂಟ್‌ಶಿಪ್‌ನ, ಅಂದರೆ ಓದಿನ ಜತೆ ಯೂನಿವರ್ಸಿಟಿಯಲ್ಲೇ ಸಂಬಳದ ಕೆಲಸ ಸಿಕ್ಕಿದೆ ಎನ್ನುವ, ಪತ್ರ ತೋರಿಸಿದರೆ ಎಷ್ಟೋ ಕಡೆ ಕೆಲಸವಾಗುತ್ತದೆ. ಬೀಗದ ಕೈ ಸಿಕ್ಕ ದಿನವೇ ಕಾರ್ಪೆಟ್ಟಿನ ಕಲೆ, ಒಡೆದ ಬ್ಲೈಂಡ್ಸ್, ಫ್ರಿಜ್ಜಿನ ಒಳಗು ಎಲ್ಲ ವಿಡಿಯೊ ಮಾಡಿ ಆಫೀಸಿಗೆ ಈಮೇಲ್ ಕಳಿಸಿ. ಬಿಡುವಾಗ ಡೆಪಾಸಿಟ್ ವಾಪಸ್ ಬರುವುದು ಆ ಈಮೇಲಿನ ಬಲದಿಂದಲೇ. ಲೀಸ್ ಬದಲಾಗುವ ಜುಲೈ ಕೊನೆಯಲ್ಲಿ ಕಸದ ಡಂಪ್‌ಸ್ಟರ್ ಪಕ್ಕ ಒಳ್ಳೊಳ್ಳೆಯ ಮೇಜು, ಕುರ್ಚಿ ಬಿದ್ದಿರುತ್ತವೆ. ಮರದ್ದು, ಕಬ್ಬಿಣದ್ದು ಧಾರಾಳವಾಗಿ ತನ್ನಿ. ಹಾಸಿಗೆ, ಸೋಫಾ ಮುಟ್ಟಬೇಡಿ. ತಿಗಣೆ ಮನೆ ಹೊಕ್ಕರೆ ಬಿಡಿಸಲು ತಿಂಗಳ ಸ್ಟೈಪೆಂಡೂ ಸಾಲದು.

ಕರೆಂಟು ಟೆಕ್ಸಸ್‌ನವರ ತಲೆಬಿಸಿ. ಹ್ಯೂಸ್ಟನ್, ಡಲ್ಲಾಸ್‌ನಲ್ಲಿ ಕರೆಂಟ್ ಕಂಪನಿಯನ್ನು ನೀವೇ ಆರಿಸಿಕೊಳ್ಳಬೇಕು. ಆಸ್ಟಿನ್, ಸ್ಯಾನ್ ಆಂಟೋನಿಯೊದಲ್ಲಿ ಊರಿನದೇ ಕಂಪನಿ. ಪ್ಲಾನು ನೋಡುವಾಗ ದೊಡ್ಡಕ್ಷರದ ದರ ನಂಬಬೇಡಿ. 500, 1000, 2000 ಯೂನಿಟ್‌ಗೆ ಎಷ್ಟೆಷ್ಟು ಬೀಳುತ್ತದೆ ಎಂಬ ಪಟ್ಟಿಯನ್ನು ಪ್ರತಿ ಪ್ಲಾನಿನ ಜತೆ ಕೊಡಲೇಬೇಕು. ಸಾವಿರ ಯೂನಿಟ್ ಮುಟ್ಟಿದರಷ್ಟೇ ರಿಯಾಯಿತಿ ಕೊಡುವ ಪ್ಲಾನುಗಳಿವೆ, ಒಂಟಿ ರೂಮಿನ ವಿದ್ಯಾರ್ಥಿಗೆ ಅದು ದುಬಾರಿ. ಆಗಸ್ಟಿನ ಸೆಕೆಯಂತೂ ಮಂಗಳೂರಿನ ಮೇ ತಿಂಗಳು ಕಂಡವರಿಗೆ ಹೊಸದಲ್ಲ. ಬಿಲ್ಲು ಉಳಿಸಲು ಊರಿಗೆ ಹೋಗುವಾಗ ಎಸಿ ಪೂರ್ತಿ ಆರಿಸಿದರೆ, ಬರುವಷ್ಟರಲ್ಲಿ ಬೆಲ್ಟು, ಬೂಟು, ಬೀರುವಿನ ಬಟ್ಟೆಗಳ ಮೇಲೆ ಬೂಷ್ಟು ಹಿಡಿದಿರುತ್ತದೆ. ಎಂಬತ್ತು ಡಿಗ್ರಿ ಫ್ಯಾರನ್‌ಹೀಟ್‌ಗೆ ಇಟ್ಟು ಹೋಗಿ.

ಇನ್ನು ಕಾಗದಪತ್ರ. ಇಲ್ಲಿ ಒಂದು ಕಾಗದ ಹುಟ್ಟಲು ಇನ್ನೊಂದು ಬೇಕು, ಆದ್ದರಿಂದ ಕ್ರಮ ತಪ್ಪಿದರೆ ಆಫೀಸಿನಿಂದ ಆಫೀಸಿಗೆ ಅಲೆದಾಟ. ಮೊದಲು ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಹಾಜರಿ ಹಾಕಿಸಿ. ಅವರು ಸೆವಿಸ್‌ನಲ್ಲಿ, ಅಂದರೆ ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆಯಲ್ಲಿ, ನಿಮ್ಮ ಹೆಸರು ನೋಂದಾಯಿಸಿದ ಮೇಲೆಯೇ ಮಿಕ್ಕಿದ್ದೆಲ್ಲ. ಬ್ಯಾಂಕ್ ಖಾತೆಗೆ ಎಸ್‌ಎಸ್‌ಎನ್ ಬೇಕಾಗಿಲ್ಲ. ಕ್ಯಾಂಪಸ್ ಪಕ್ಕದ ಬ್ಯಾಂಕಿನವರು ಸಾಮಾನ್ಯವಾಗಿ ಪಾಸ್‌ಪೋರ್ಟ್, ಐ-20 (ವೀಸಾಕ್ಕೆಂದು ಯೂನಿವರ್ಸಿಟಿ ಕೊಟ್ಟ ಪ್ರವೇಶದ ಕಾಗದ) ನೋಡಿ ತೆರೆದುಕೊಡುತ್ತಾರೆ. ಎಸ್‌ಎಸ್‌ಎನ್ ಸಿಗುವುದು ಕೆಲಸ ಇದ್ದವರಿಗೆ ಮಾತ್ರ. ಡಿಪಾರ್ಟ್‌ಮೆಂಟಿನ ಕೆಲಸದ ಪತ್ರ, ಇಂಟರ್‌ನ್ಯಾಷನಲ್ ಆಫೀಸಿನ ಪತ್ರ, ಪಾಸ್‌ಪೋರ್ಟ್, ಐ-20, ಐ-94 (ದೇಶದೊಳಗೆ ಬಂದ ದಾಖಲೆ) ಹಿಡಿದು, ದೇಶಕ್ಕೆ ಬಂದು ಹತ್ತು ದಿನ ಕಳೆದ ಮೇಲೆ ಸೋಶಿಯಲ್ ಸೆಕ್ಯುರಿಟಿ ಆಫೀಸಿಗೆ ಹೋಗಿ. ಅದಕ್ಕೂ ಮೊದಲು ಹೋದರೆ ಇಮಿಗ್ರೇಷನ್‌ನವರ ಕಂಪ್ಯೂಟರಿನಲ್ಲಿ ನಿಮ್ಮ ವಿವರ ಕಾಣಿಸದೆ ವಾಪಸ್ ಕಳಿಸುವುದುಂಟು. ಕೆಲಸವಿಲ್ಲದವರಿಗೆ ನಂಬರ್ ಕೊಡುವುದಿಲ್ಲ ಎಂದು ಪತ್ರ ಬರೆದುಕೊಡುತ್ತಾರೆ. ಎಸೆಯಬೇಡಿ, ಡ್ರೈವಿಂಗ್ ಲೈಸೆನ್ಸ್ ಕೊಡುವಾಗ ಆ ಪತ್ರವನ್ನೇ ಕೇಳುವ ರಾಜ್ಯಗಳಿವೆ.

ಇಲ್ಲಿ ಕನ್ನಡದವರಿಗೇ ಅಂಟಿದ ಒಂದು ಗೋಳು ಹೇಳಲೇಬೇಕು. ನಮ್ಮಲ್ಲಿ ಎಷ್ಟೋ ಜನರಿಗೆ ಇನಿಷಿಯಲ್ ಇದೆ, ಸರ್‌ನೇಮ್ ಇಲ್ಲ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ನಿಮ್ಮ ಪೂರ್ತಿ ಹೆಸರು ಸರ್‌ನೇಮ್ ಆಗಿ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (FNU, ‘ಫಸ್ಟ್ ನೇಮ್ ಅನ್‌ನೋನ್’, ಹೆಸರು ಗೊತ್ತಿಲ್ಲ) ಎಂದು ಕೂರುತ್ತದೆ. ಅದು ಅಲ್ಲಿಗೇ ನಿಲ್ಲುವುದಿಲ್ಲ. ಎಸ್‌ಎಸ್‌ಎನ್ ಕಾರ್ಡು, ಲೈಸೆನ್ಸ್, ಇನ್ಶೂರೆನ್ಸ್, ಸಂಬಳದ ಚೆಕ್ಕು, ಎಲ್ಲದಕ್ಕೂ ನುಸುಳುತ್ತದೆ. ಆಸ್ಪತ್ರೆಯಲ್ಲಿ ನರ್ಸು ಬಾಗಿಲಿಗೆ ಬಂದು ‘ಫ್ನೂ?’ ಎಂದು ಕೂಗಿದಾಗ ಎದ್ದು ನಿಲ್ಲಬೇಕಾದವರು ನೀವೇ. ಇನ್ನೂ ವೀಸಾ ಆಗದವರು ಪಾಸ್‌ಪೋರ್ಟಿನಲ್ಲಿ ಹೆಸರನ್ನು ಎರಡು ಭಾಗ ಮಾಡಿಸಿಕೊಂಡೇ ಅರ್ಜಿ ಹಾಕಿ. ಆಗಲೇ ಬಂದವರು ಎಲ್ಲ ಕಡೆ ಒಂದೇ ರೀತಿ ಬರೆಸಿ. ಒಂದು ಕಡೆ ಎಫ್‌ಎನ್‌ಯು, ಇನ್ನೊಂದು ಕಡೆ ಅಪ್ಪನ ಹೆಸರು ಎಂದಾದರೆ ಲೈಸೆನ್ಸ್ ಆಫೀಸಿನ ತಾಳೆಯಲ್ಲಿ ವಾರಗಟ್ಟಲೆ ಸಿಕ್ಕಿಕೊಳ್ಳುತ್ತೀರಿ.

ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆ ಕೆಲಸ, ಅಷ್ಟೇ. ಹೊರಗೆ ಯಾರಾದರೂ, ನಮ್ಮವರೇ ಆದರೂ, ಅಂಗಡಿಯಲ್ಲಿ ಕೂರು, ಕ್ಯಾಶ್ ಕೊಡುತ್ತೇನೆ ಅಂದರೆ ಕೈಮುಗಿದು ಬನ್ನಿ. ವೀಸಾ ಹೋದರೆ ಅವರೇನೂ ಬಂದು ನಿಲ್ಲುವುದಿಲ್ಲ. ಮನೆ ಬದಲಿಸಿದರೆ 10 ದಿನದೊಳಗೆ ಇಂಟರ್‌ನ್ಯಾಷನಲ್ ಆಫೀಸಿಗೆ ತಿಳಿಸಬೇಕು. ಆಗಸ್ಟಿನಲ್ಲಿ ಕೆಲಸ ಶುರುವಾದರೂ ಮೊದಲ ಸಂಬಳ ಸೆಪ್ಟೆಂಬರ್ ಕೊನೆಗೆ ಬರುವುದು ಸಾಮಾನ್ಯ, ಹಾಗಾಗಿ ಎರಡು ತಿಂಗಳ ಖರ್ಚು ಊರಿಂದಲೇ ತನ್ನಿ. ಅಸಿಸ್ಟೆಂಟ್‌ಶಿಪ್ ಒಂಬತ್ತು ತಿಂಗಳದ್ದಾದರೆ ಬೇಸಿಗೆಯಲ್ಲಿ ಸಂಬಳವಿಲ್ಲ. ಫೆಬ್ರವರಿಯಲ್ಲೇ ಪ್ರೊಫೆಸರನ್ನು ಕೇಳಿ, ಮೇ ತಿಂಗಳಲ್ಲಿ ಕೇಳಿದರೆ ಅವರ ಹತ್ತಿರವೂ ದುಡ್ಡಿರುವುದಿಲ್ಲ.

ತೆರಿಗೆಯಲ್ಲಿ ಭಾರತದ ವಿದ್ಯಾರ್ಥಿಗಳಿಗೆ ಬೇರೆಯವರಿಗಿಲ್ಲದ ಅನುಕೂಲವೊಂದಿದೆ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಬಂದ ಮೊದಲ ಐದು ಕ್ಯಾಲೆಂಡರ್ ವರ್ಷ ತೆರಿಗೆ ಇಲಾಖೆಯ ಲೆಕ್ಕದಲ್ಲಿ ನೀವು ನಾನ್‌ರೆಸಿಡೆಂಟ್. ತುಂಬಬೇಕಾದ ಫಾರಂಗಳು 1040-ಎನ್‌ಆರ್ ಮತ್ತು 8843. ಡಿಸೆಂಬರಿನಲ್ಲಿ ಬಂದಿಳಿದರೂ ಆ ವರ್ಷ ಒಂದು ವರ್ಷವೇ. ನಾನ್‌ರೆಸಿಡೆಂಟ್‌ಗಳಿಗೆ ಸಾಮಾನ್ಯವಾಗಿ ಸ್ಟ್ಯಾಂಡರ್ಡ್ ಡಿಡಕ್ಷನ್ (ತೆರಿಗೆಯ ಲೆಕ್ಕಕ್ಕೆ ಮುಂಚೆ ಆದಾಯದಿಂದ ಕಳೆಯುವ ನಿಗದಿತ ಮೊತ್ತ) ಇಲ್ಲ, ಆದರೆ ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯ ಪ್ರಕಾರ ನಮ್ಮ ವಿದ್ಯಾರ್ಥಿಗಳಿಗೆ ಉಂಟು. ಟಿವಿಯಲ್ಲಿ ಜಾಹೀರಾತು ಬರುವ ಸಾಫ್ಟ್‌ವೇರುಗಳು ಹೆಚ್ಚಾಗಿ ಇಲ್ಲಿನ ಕಾಯಂ ನಿವಾಸಿಗಳ ಫಾರಂ ತುಂಬುತ್ತವೆ. ‘ಫ್ರೀ ಇದೆ, ರಿಫಂಡ್ ಜಾಸ್ತಿ ಬರುತ್ತೆ’ ಎಂದು ಸೀನಿಯರ್ ಹೇಳಿದರೂ ಅದನ್ನು ಮುಟ್ಟಬೇಡಿ. ಸಂಬಳದ ಚೀಟಿಯಲ್ಲಿ ಸೋಶಿಯಲ್ ಸೆಕ್ಯುರಿಟಿಯ 6.2%, ಮೆಡಿಕೇರ್‌ನ 1.45% ಕಡಿತ ಕಂಡರೆ ಪೇರೋಲ್‌ನವರಿಗೆ ಹೇಳಿ, ನಿಮಗೆ ಅದು ಅನ್ವಯಿಸುವುದಿಲ್ಲ. ಏಪ್ರಿಲ್ 15 ಕೊನೆಯ ದಿನ. ಟೆಕ್ಸಸ್, ಫ್ಲಾರಿಡಾ, ಟೆನೆಸಿಯಲ್ಲಿ ಸಂಬಳಕ್ಕೆ ರಾಜ್ಯದ ತೆರಿಗೆ ಇಲ್ಲ. ಟೆನೆಸಿಯವರು ಅದನ್ನು ಅಂಗಡಿಯಲ್ಲಿ ತೀರಿಸುತ್ತಾರೆ: ಚೀಟಿಯಲ್ಲಿ ಕಂಡ ಬೆಲೆಯ ಮೇಲೆ ಬಿಲ್ಲಿನಲ್ಲಿ ಸೇರುವ ಸೇಲ್ಸ್ ಟ್ಯಾಕ್ಸ್ ಅಲ್ಲಿ ದೇಶದಲ್ಲೇ ಹೆಚ್ಚಿನವುಗಳಲ್ಲೊಂದು.

ಕಾರು ಕೊಳ್ಳುವ ಮೊದಲು ರಸ್ತೆಯ ಮೂರು ನಿಯಮ ಮೈಗೂಡಲಿ. ನಾಲ್ಕೂ ಕಡೆ ಸ್ಟಾಪ್ ಇರುವ ಕೂಡುರಸ್ತೆಯಲ್ಲಿ ಮೊದಲು ಬಂದು ನಿಂತವರು ಮೊದಲು ಹೊರಡುತ್ತಾರೆ, ಒಟ್ಟಿಗೆ ಬಂದರೆ ಬಲಗಡೆಯವರಿಗೆ ದಾರಿ. ನಡುವೆ ಡಿವೈಡರ್ ಇಲ್ಲದ ಎರಡು ಲೇನಿನ ರಸ್ತೆಯಲ್ಲಿ ಹಳದಿ ಸ್ಕೂಲ್ ಬಸ್ ಕೆಂಪು ದೀಪ ಹಾಕಿದರೆ ಎದುರಿನಿಂದ ಬರುವವರೂ ನಿಲ್ಲಬೇಕು. ಪೊಲೀಸರು ಹಿಂದಿನಿಂದ ದೀಪ ಹಾಕಿದರೆ ಪಕ್ಕಕ್ಕೆ ನಿಲ್ಲಿಸಿ, ಇಳಿಯಬೇಡಿ; ಎರಡೂ ಕೈ ಸ್ಟಿಯರಿಂಗ್ ಮೇಲಿರಲಿ, ಅವರು ಕೇಳಿದ ಮೇಲೆ ‘ತೆಗೆಯುತ್ತೇನೆ’ ಎಂದು ಹೇಳಿಯೇ ಲೈಸೆನ್ಸ್‌ಗೆ ಕೈ ಹಾಕಿ. ಇದು ಮರ್ಯಾದೆಯ ಮಾತಲ್ಲ, ಜೀವದ ಮಾತು. ಇಲ್ಲಿ ಎಷ್ಟೋ ಕಾರುಗಳಲ್ಲಿ ಬಂದೂಕಿರುತ್ತದೆ, ಪೊಲೀಸರು ಅದೇ ಎಣಿಕೆಯಲ್ಲಿ ಹತ್ತಿರ ಬರುತ್ತಾರೆ. ಕ್ಯಾಂಪಸ್ಸಿನಲ್ಲೂ ಬಂದೂಕು ನಿಷೇಧ ಎಂದುಕೊಳ್ಳಬೇಡಿ. ಬಂದೂಕು ಒಯ್ಯಲು ಕಾನೂನಿನ ಅರ್ಹತೆ ಇದ್ದವರು ಬಚ್ಚಿಟ್ಟುಕೊಂಡು ತರಲು ಟೆಕ್ಸಸ್ 2016ರಿಂದ, ಜಾರ್ಜಿಯಾ 2017ರಿಂದ ಅವಕಾಶ ಕೊಟ್ಟಿವೆ. ಆಬರ್ನ್‌ನಿಂದ ಅಟ್ಲಾಂಟಾ ಏರ್‌ಪೋರ್ಟಿಗೆ ಹೊರಟವರು ನೆನಪಿಡಿ, ಜಾರ್ಜಿಯಾ ಗಡಿ ದಾಟಿದೊಡನೆ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ.

ಹವಾಮಾನದಲ್ಲಿ ಹೆದರಬೇಕಾದ್ದು ಸುಂಟರಗಾಳಿಗೆ. ಫೋನಿಗೆ ಟೊರ್ನಾಡೊ ವಾಚ್ ಬಂದರೆ ಏಳುವ ಸಾಧ್ಯತೆ ಇದೆ ಎಂದರ್ಥ: ಫೋನು ಚಾರ್ಜ್ ಮಾಡಿ, ಬೂಟು ಹತ್ತಿರ ಇಟ್ಟುಕೊಳ್ಳಿ. ವಾರ್ನಿಂಗ್ ಬಂದರೆ ರಾಡಾರಿನಲ್ಲಿ ಕಂಡಿದೆ, ಇಲ್ಲವೇ ಯಾರೋ ಕಣ್ಣಾರೆ ನೋಡಿದ್ದಾರೆ. ಆಗ ಅಡುಗೆ, ಝೂಮ್ ಕರೆ ಎಲ್ಲ ಬಿಟ್ಟು ಕೆಳಗಿನ ಮಹಡಿಗೆ, ಕಿಟಕಿಯಿಲ್ಲದ ಒಳಕೋಣೆಗೆ ಹೋಗಬೇಕು. ಮೂರನೇ ಮಹಡಿಯಲ್ಲಿರುವವರು ಕೆಳಮನೆಯವರ ಪರಿಚಯ ಈಗಲೇ ಮಾಡಿಕೊಳ್ಳಿ. 27 ಏಪ್ರಿಲ್ 2011ರಂದು ಅಲಬಾಮಾ ಯೂನಿವರ್ಸಿಟಿ ಇರುವ ಟಸ್ಕಲೂಸಾ ಊರಿನ ನಡುವೆಯೇ ಸುಂಟರಗಾಳಿ ಹಾದುಹೋಯಿತು; ಆ ಒಂದು ದಿನ ಆ ರಾಜ್ಯದಲ್ಲಿ ಸತ್ತವರು 200ಕ್ಕೂ ಹೆಚ್ಚು. ಸೈರನ್ ಹೊರಗಿರುವವರಿಗಾಗಿ ಇರುವುದು, ನಿದ್ದೆಯಲ್ಲಿ ಕೇಳಿಸದು, ಹಾಗಾಗಿ ಫೋನಿನ ಎಮರ್ಜೆನ್ಸಿ ಅಲರ್ಟ್ ಆರಿಸಬೇಡಿ. ಹ್ಯೂಸ್ಟನ್, ನ್ಯೂ ಆರ್ಲಿಯನ್ಸ್, ಫ್ಲಾರಿಡಾದವರಿಗೆ ಜೂನ್ 1ರಿಂದ ನವೆಂಬರ್ 30ರವರೆಗೆ ಹರಿಕೇನ್ ಕಾಲ. ಬಾಡಿಗೆಮನೆಯ ಸಾಮಾನ್ಯ ಇನ್ಶೂರೆನ್ಸ್ ಪ್ರವಾಹದ ನಷ್ಟ ತುಂಬಿಕೊಡುವುದಿಲ್ಲ. ಹಿಮ ಅಪರೂಪ, ಬಿದ್ದರೆ ಊರೇ ನಿಲ್ಲುತ್ತದೆ. ಜನವರಿ 2014ರಲ್ಲಿ ಎರಡು-ಮೂರು ಇಂಚು ಹಿಮಕ್ಕೇ ಅಟ್ಲಾಂಟಾದಲ್ಲಿ ಜನ ರಾತ್ರಿಯಿಡೀ ಹೈವೇ ಮೇಲೆ ಕಾರಿನಲ್ಲೇ ಕಳೆದರು. ಹಿಮದ ಮುನ್ಸೂಚನೆ ಬಂದ ದಿನ ಅಂಗಡಿಗಳಲ್ಲಿ ಬ್ರೆಡ್ಡು, ಹಾಲು ಖಾಲಿ. ಅಕ್ಕಿ ಬೇಳೆಯ ಮನೆಗೆ ಅಷ್ಟು ಚಿಂತೆಯಿಲ್ಲ.

ಊಟಕ್ಕೆ ತೊಂದರೆಯಿಲ್ಲ, ಸಸ್ಯಾಹಾರಿಗಳು ಮಾತ್ರ ಬಾಯಿಬಿಟ್ಟು ಕೇಳಬೇಕು. ಇಲ್ಲಿನ ಅಡುಗೆಯಲ್ಲಿ ಸೊಪ್ಪು, ಕಾಳು ಬೇಯಿಸುವುದೇ ಹಂದಿಮಾಂಸದ ತುಂಡು ಹಾಕಿ. ‘ಮೀಟ್ ಇಲ್ಲ’ ಅಂದರೆ ತುಂಡು ಎತ್ತಿಟ್ಟು ಬಡಿಸಿಯಾರು. ಜಾರ್ಜಿಯಾ ರಸ್ತೆ ಬದಿಯಲ್ಲಿ ಉಪ್ಪುನೀರಿನಲ್ಲಿ ಬೇಯಿಸಿದ ಕಡಲೆಕಾಯಿ ಬಿಸಿಬಿಸಿ ಸಿಗುತ್ತದೆ, ಕಾರು ನಿಲ್ಲಿಸದೆ ಹೋಗಬೇಡಿ.

ಜನರ ಮಾತು ಮೃದು. ಆಫೀಸಿನ ಹೆಂಗಸರಿಗೆ ‘ಮ್ಯಾಮ್’, ಹಿರಿಯರಿಗೆ ‘ಸರ್’ ಅಂದರೆ ಅರ್ಧ ಕೆಲಸ ಆದಂತೆ. ಪ್ರೊಫೆಸರ್ ಮಾತ್ರ ಹೆಸರು ಹಿಡಿದು ಕರೆ ಎಂದರೆ ಹಾಗೇ ಕರೆಯಿರಿ. ಯಾವ ಚರ್ಚಿಗೆ ಹೋಗುತ್ತೀರಿ ಎಂದು ಕೇಳುವುದು ಇಲ್ಲಿ ಮಾಮೂಲು. ಚರ್ಚಿನವರು ಹೊಸ ವಿದ್ಯಾರ್ಥಿಗಳಿಗೆ ಮಂಚ, ಪಾತ್ರೆ ಕೊಡುತ್ತಾರೆ, ಥ್ಯಾಂಕ್ಸ್‌ಗಿವಿಂಗ್ ಊಟಕ್ಕೂ ಕರೆಯುತ್ತಾರೆ. ಹೋಗಿ, ಉಣ್ಣಿ, ಬೈಬಲ್ ತರಗತಿಗೆ ಕರೆದಾಗ ಇಷ್ಟವಿಲ್ಲದಿದ್ದರೆ ನಗುನಗುತ್ತ ಬೇಡವೆಂದರೆ ಯಾರೂ ಬೇಸರಪಡುವುದಿಲ್ಲ. ಕನ್ನಡ ಕೇಳಬೇಕೆನಿಸಿದರೆ ಅಟ್ಲಾಂಟಾದಲ್ಲಿ ನೃಪತುಂಗ ಕನ್ನಡ ಕೂಟ, ಡಲ್ಲಾಸ್ ಕಡೆ ಮಲ್ಲಿಗೆ ಕನ್ನಡ ಸಂಘ ಇವೆ. ಯುಗಾದಿ, ರಾಜ್ಯೋತ್ಸವಕ್ಕೆ ವಾಲಂಟಿಯರ್ ಆಗುತ್ತೇನೆಂದರೆ ಕರೆದೊಯ್ಯಲು ಯಾರಾದರೂ ಕಾರು ಕಳಿಸಿಯೇ ಕಳಿಸುತ್ತಾರೆ. ಶರತ್ಕಾಲದ ಶನಿವಾರಗಳು ಮಾತ್ರ ಫುಟ್‌ಬಾಲ್‌ನವು. ಟಸ್ಕಲೂಸಾದ ಮೈದಾನದಲ್ಲಿ ಒಂದು ಲಕ್ಷ ಜನ ಕೂರುತ್ತಾರೆ, ಹಿಂದಿನ ದಿನವೇ ಕ್ಯಾಂಪಸ್ ಪಾರ್ಕಿಂಗ್ ಖಾಲಿ ಮಾಡಿಸುತ್ತಾರೆ, ತೆಗೆಯದ ಕಾರನ್ನು ಎತ್ತಿಕೊಂಡು ಹೋಗುತ್ತಾರೆ. ದಿನಸಿ ಶುಕ್ರವಾರವೇ ತಂದುಬಿಡಿ.

ಕೊನೆಗೆ ಆಸ್ಪತ್ರೆ. ಜ್ವರ, ಉಳುಕು, ಹೊಟ್ಟೆನೋವಿಗೆ ಯೂನಿವರ್ಸಿಟಿಯ ಹೆಲ್ತ್ ಸೆಂಟರ್, ಅದು ಮುಚ್ಚಿದ್ದರೆ ಇನ್ಶೂರೆನ್ಸ್ ಪಟ್ಟಿಯಲ್ಲಿರುವ ಅರ್ಜೆಂಟ್ ಕೇರ್ ಎಂಬ ಸಣ್ಣ ಕ್ಲಿನಿಕ್ಕು. ಎಮರ್ಜೆನ್ಸಿ ರೂಮು ಜೀವಕ್ಕೆ ಅಪಾಯ ಬಂದಾಗ ಮಾತ್ರ. ಅಲ್ಲಿನ ಬಿಲ್ಲು ಸಾವಿರ ಡಾಲರುಗಳಲ್ಲಿ ಬರುತ್ತದೆ, ಡಿಡಕ್ಟಿಬಲ್ (ಇನ್ಶೂರೆನ್ಸ್ ಕೊಡಲು ಶುರುಮಾಡುವ ಮೊದಲು ನೀವೇ ಭರಿಸಬೇಕಾದ ಮೊತ್ತ) ಮುಗಿಯುವವರೆಗೆ ಅದರಲ್ಲಿ ದೊಡ್ಡ ಪಾಲು ನಿಮ್ಮದೇ. ಹಲ್ಲು, ಕಣ್ಣು ಹೆಚ್ಚಿನ ವಿದ್ಯಾರ್ಥಿ ಇನ್ಶೂರೆನ್ಸ್‌ಗಳಲ್ಲಿ ಸೇರಿರುವುದಿಲ್ಲ, ಡಿಸೆಂಬರಿನಲ್ಲಿ ಊರಿಗೆ ಹೋದಾಗ ಮಾಡಿಸಿಕೊಂಡು ಬನ್ನಿ. ಹೊರಡುವ ಮುಂಚೆ ಐ-20ಯ ಎರಡನೇ ಪುಟದಲ್ಲಿ ಪ್ರಯಾಣದ ಸಹಿ ಇದೆಯೇ, ಅದಕ್ಕೆ ವರ್ಷ ತುಂಬಿಲ್ಲವೇ ನೋಡಿಕೊಳ್ಳಿ. ಸೆಮಿಸ್ಟರ್ ಮುಗಿದ ವಾರ ಇಂಟರ್‌ನ್ಯಾಷನಲ್ ಆಫೀಸಿನ ಮುಂದೆ ಉದ್ದ ಸಾಲಿರುತ್ತದೆ, ನವೆಂಬರಿನಲ್ಲೇ ಹಾಕಿಸಿಟ್ಟುಕೊಳ್ಳಿ.