ಚಿತ್ರ ಮೊದಲು, ಅರ್ಥ ಆಮೇಲೆ: ಕೊಲಾಜ್ ದಿನಚರಿ ಹೀಗೆ ಮಾಡಿ

ಲಗ್ನಪತ್ರಿಕೆಯ ಮೇಲಿನ ಗಣಪತಿಯನ್ನು ಕಸಕ್ಕೆ ಹಾಕಲು ಮನಸ್ಸು ಬಾರದೆ ಎತ್ತಿಟ್ಟ ಕಟ್ಟೊಂದು ಎಷ್ಟೋ ಮನೆಗಳ ಕಪಾಟಿನಲ್ಲಿ ಇರುತ್ತದೆ. ಅದರ ಜೊತೆಗೆ ಹಳೆಯ ಕ್ಯಾಲೆಂಡರು, ಊದಿನಕಡ್ಡಿ ಪೊಟ್ಟಣ, ವಾರಪತ್ರಿಕೆಗಳಿದ್ದರೆ ಕೊಲಾಜ್ ದಿನಚರಿಗೆ, ಅಂದರೆ ಕತ್ತರಿಸಿದ ಚಿತ್ರಗಳನ್ನು ಜೋಡಿಸಿ ಅಂಟಿಸಿ, ಅವು ಹೇಳುವುದನ್ನು ಬರೆದಿಡುವ ಪುಸ್ತಕಕ್ಕೆ, ಸಾಮಗ್ರಿ ಸಾಕು. ಇಲ್ಲಿ ನೆನಪಿಡಬೇಕಾದ್ದು ಒಂದೇ: ಚಿತ್ರ ಮೊದಲು ಬರಬೇಕು, ಅರ್ಥ ಆಮೇಲೆ. ‘ಇವತ್ತು ಶಾಂತಿಯ ಪುಟ ಮಾಡೋಣ’ ಎಂದು ಕೂತರೆ ಕಮಲ, ಬುದ್ಧ, ಸೂರ್ಯೋದಯ ಅಂಟಿಸಿ ಎದ್ದುಬಿಡುತ್ತೇವೆ. ಪುಟ ಚೆಂದ ಕಾಣುತ್ತದೆ, ಆದರೆ ನಮಗೆ ಗೊತ್ತಿಲ್ಲದ್ದನ್ನು ಏನೂ ಹೇಳುವುದಿಲ್ಲ.

ಪುಸ್ತಕ ಮತ್ತು ಅಂಟು

ಎ5 ಅಳತೆಯ (ಎ4 ಹಾಳೆಯ ಅರ್ಧ), 200 ಜಿಎಸ್ಎಂ ತೂಕದ ದಪ್ಪ ಕಾಗದದ ಸ್ಪೈರಲ್ ಸ್ಕೆಚ್ ಪುಸ್ತಕ ಕೊಳ್ಳಿ. ಹೊಲಿಗೆ ಹಾಕಿದ ಪುಸ್ತಕವೇ ಇದ್ದರೆ ಪ್ರತಿ ಮೂರನೆಯ ಹಾಳೆಯನ್ನು ಬುಡದಲ್ಲಿ ಒಂದು ಸೆಂಟಿಮೀಟರ್ ಬಿಟ್ಟು ಕತ್ತರಿಸಿ ತೆಗೆಯಿರಿ. ಇಲ್ಲದಿದ್ದರೆ ಅಂಟಿಸಿದ ಚಿತ್ರಗಳ ದಪ್ಪಕ್ಕೆ ಪುಸ್ತಕ ಬಾಯಿ ತೆರೆದುಕೊಂಡೇ ಇರುತ್ತದೆ.

ಹೆಚ್ಚಿನವರು ಸೋಲುವುದು ಅಂಟಿನಲ್ಲಿ. ನೀರು ಬೆರೆಸಿದ ಫೆವಿಕಾಲ್ ಅನ್ನು ವಾರಪತ್ರಿಕೆಯ ತೆಳು ಹಾಳೆಗೆ ಬಳಿದರೆ ನಾರು ನೀರು ಕುಡಿದು ಹಿಗ್ಗುತ್ತದೆ, ಒಣಗುವಾಗ ಒಂದೇ ಸಮ ಕುಗ್ಗದೆ ಸುಕ್ಕಾಗುತ್ತದೆ. ತೆಳು ಕಾಗದಕ್ಕೆ ಗ್ಲೂ ಸ್ಟಿಕ್ ಸರಿ. ದಪ್ಪ ಕಾರ್ಡಿಗೆ ನೀರು ಬೆರೆಸದ ಫೆವಿಕಾಲನ್ನು ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ತೆಳ್ಳಗೆ ಎಳೆಯಿರಿ. ನಡುವಿನಿಂದ ಅಂಚಿಗೆ ಒತ್ತಿ, ಮೇಲೊಂದು ಪ್ಲಾಸ್ಟಿಕ್ ಹಾಳೆ ಇಟ್ಟು, ಪುಸ್ತಕಗಳ ಭಾರ ಹೇರಿ ರಾತ್ರಿಯಿಡೀ ಬಿಡಿ. ಮೈದಾ ಅಂಟು ಬೇಡ. ಅದಕ್ಕೆ ಜಿರಲೆ ಬರುತ್ತದೆ, ಮಲೆನಾಡು ಕರಾವಳಿಯ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ.

ಲಗ್ನಪತ್ರಿಕೆ ಬಲು ದಪ್ಪ ಇದ್ದರೆ ಮೂಲೆಯನ್ನು ಉಗುರಿನಿಂದ ಬಿಡಿಸಿ, ಹಿಂಬದಿಯ ಪದರವನ್ನು ನಿಧಾನವಾಗಿ ಸುಲಿಯಿರಿ. ಎರಡೂ ಬದಿ ಲ್ಯಾಮಿನೇಶನ್ ಇದ್ದರೆ ಅಂಟು ಹಿಡಿಯದು, ಹಿಂಬದಿಯನ್ನು ಮರಳುಕಾಗದದಿಂದ ಉಜ್ಜಿಕೊಳ್ಳಿ. ಯಂತ್ರದಲ್ಲಿ ಮುದ್ರಿಸಿ ಕೊಡುವ ಬಸ್ ಟಿಕೆಟಿನ ಅಕ್ಷರ ಕಾಲಕ್ರಮೇಣ ಮಾಯವಾಗುತ್ತದೆ, ಜೆರಾಕ್ಸ್ ಪ್ರತಿಯನ್ನೇ ಅಂಟಿಸಿ. ಪ್ರಸಾದದ ಹೂವನ್ನು ಹಸಿಯಾಗಿ ಅಂಟಿಸಬೇಡಿ. ಪತ್ರಿಕೆಯ ಹಾಳೆಗಳ ನಡುವೆ ಎರಡು ಮೂರು ವಾರಗಳ ಕಾಲ ಒತ್ತಿಟ್ಟು ಒಣಗಿಸಿ.

ದೇವರ ಪಟಕ್ಕೆ ಕತ್ತರಿಯೇ?

ಈ ಅಳುಕು ಗೌರವಿಸಬೇಕಾದದ್ದು. ಆದರೆ ಭಕ್ತಿಗೆ ಕತ್ತರಿ ಹೊಸದಲ್ಲ. ರಾಜಸ್ಥಾನದ ನಾಥದ್ವಾರದ ಚಿತ್ರಕಾರರು ಭಕ್ತರ ಫೋಟೊದಿಂದ ಮುಖ ಕತ್ತರಿಸಿ ಅಲ್ಲಿನ ದೇವರಾದ ಶ್ರೀನಾಥಜಿಯ ಪಕ್ಕ ಅಂಟಿಸಿ, ಸುತ್ತಲೂ ಬಣ್ಣ ತುಂಬುತ್ತಿದ್ದರು. 1894ರಲ್ಲಿ ಮುಂಬೈಯಲ್ಲಿ ಶುರುವಾದ ರವಿವರ್ಮ ಪ್ರೆಸ್ಸಿನ ಲಕ್ಷ್ಮಿ, ಸರಸ್ವತಿಯರಿಗೆ ಮನೆಮನೆಗಳಲ್ಲಿ ಬಟ್ಟೆ, ಜರಿ, ಚಮಕಿ ಅಂಟಿಸಿ ಸೀರೆ ಉಡಿಸಿದ್ದರು. ಮೂರ್ತಿಯ ಸುತ್ತ ಅರ್ಧ ಬೆರಳು ಅಂಚು ಬಿಟ್ಟು ಕತ್ತರಿಸಿ. ಕತ್ತರಿಯನ್ನಲ್ಲ, ಕಾಗದವನ್ನು ತಿರುಗಿಸಿದರೆ ಮುಖ, ಕೈಗಳಿಗೆ ಏಟು ಬೀಳುವುದಿಲ್ಲ.

ಪುಟ ಕಟ್ಟುವುದು

ಹದಿನೈದು ನಿಮಿಷ ಹಾಳೆ ತಿರುವುತ್ತಾ, ಕಣ್ಣು ನಿಂತ ಚಿತ್ರವನ್ನೆಲ್ಲ ಹರಿದಿಡಿ. ಯಾಕೆ ಎಂದು ಕೇಳಿಕೊಳ್ಳಬೇಡಿ. ಕಿರಿಕಿರಿ ಮಾಡಿದ ಚಿತ್ರವನ್ನಂತೂ ಬಿಡಲೇಬೇಡಿ, ಬಹಳ ಸಲ ಪುಟದ ಜೀವ ಇರುವುದು ಅದರಲ್ಲೇ. ಮರುದಿನ ಆ ರಾಶಿಯಿಂದ ಒಂದು ಹಿನ್ನೆಲೆ, ಒಂದು ಮುಖ್ಯ ಆಕೃತಿ, ಹೆಚ್ಚೆಂದರೆ ಇನ್ನೆರಡು ಚಿತ್ರ ಆರಿಸಿ. ಐದಾರು ಆಕೃತಿ ತುಂಬಿದರೆ ಯಾರ ಮಾತೂ ಕೇಳಿಸದು. ಅಂಟಿಸುವ ಮೊದಲು ಜೋಡಣೆ ಬದಲಿಸುತ್ತಾ ನೋಡಿ. ಒಬ್ಬ ಮುದುಕಿಯ ಚಿತ್ರವನ್ನು ಬಾಗಿಲಿಗೆ ಮುಖ ಮಾಡಿ ಇಟ್ಟರೆ ಹೊರಟವಳು, ಬೆನ್ನು ಮಾಡಿ ಇಟ್ಟರೆ ಆಗಷ್ಟೇ ಬಂದವಳು. ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡರೆ ಹಳೆಯ ಜೋಡಣೆಗೆ ಮರಳಬಹುದು.

ಚಿತ್ರದ ಬಾಯಲ್ಲಿ ಮಾತು

ಕ್ಯಾಲಿಫೋರ್ನಿಯಾದ ಮನೋಚಿಕಿತ್ಸಕಿ ಸೀನಾ ಫ್ರಾಸ್ಟ್ 1980ರ ದಶಕದ ಕೊನೆಯಲ್ಲಿ ರೂಪಿಸಿದ ‘ಸೋಲ್‌ಕೊಲಾಜ್’ ಪದ್ಧತಿಯಲ್ಲಿ 5×8 ಇಂಚಿನ ಕಾರ್ಡುಗಳ ಮೇಲೆ ಕೊಲಾಜ್ ಮಾಡಿ, ಅದರಲ್ಲಿರುವ ಆಕೃತಿಯೇ ಆಗಿ ಮಾತಾಡುತ್ತಾರೆ. ದಿನಚರಿಗೂ ಈ ಕ್ರಮ ಚೆನ್ನಾಗಿ ಒಗ್ಗುತ್ತದೆ. ಅಂಟು ಒಣಗಿದ ಮೇಲೆ ಮುಖ್ಯ ಆಕೃತಿಯನ್ನು ಎರಡು ನಿಮಿಷ ಸುಮ್ಮನೆ ನೋಡಿ, ‘ನಾನು...’ ಎಂದು ಶುರುಮಾಡಿ: ‘ನಾನು ಎಲ್ಲರೂ ಉಂಡ ಮೇಲೆ ಉಣ್ಣುವವಳು. ನಾನು ಬಾಗಿಲು ತೆರೆದಿದ್ದರೂ ಹೊರಡದವಳು.’ ಆಮೇಲೆ ಅದನ್ನೇ ಕೇಳಿ: ನಿನಗೇನು ಬೇಕು? ನನಗೆ ಏನು ಕೊಡಲು ಬಂದೆ? ಹತ್ತು ನಿಮಿಷ ಪೆನ್ನು ಎತ್ತದೆ, ತಿದ್ದದೆ ಬರೆಯಿರಿ. ‘ಈ ಚಿತ್ರ ಧೈರ್ಯದ ಸಂಕೇತ’ ಎಂಬಂಥ ವಾಕ್ಯ ಬಂದರೆ ನೀವು ಹೊರಗೆ ನಿಂತು ವಿವರಿಸುತ್ತಿದ್ದೀರಿ ಎಂದರ್ಥ. ಮತ್ತೆ ‘ನಾನು’ಗೆ ಬನ್ನಿ.

ನುಣುಪು ಕಾಗದದ ಮೇಲೆ ಜೆಲ್ ಪೆನ್ನು ಹರಡುತ್ತದೆ, ಎದುರಿನ ಖಾಲಿ ಪುಟದಲ್ಲಿ ಬರೆಯಿರಿ. ಬರೆಯುವಾಗ ಅಳು ಬಂದರೆ ಸಹಜ. ಆದರೆ ಹಳೆಯ ನೋವು ಕೆದರಿ ನಿದ್ದೆ ಕೆಡುವಂತಾದರೆ ಪುಸ್ತಕ ಮುಚ್ಚಿಟ್ಟು ಆಪ್ತಸಮಾಲೋಚಕರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು.

ಪುಟಕ್ಕೆ ದಿನಾಂಕ ಹಾಕಿ, ಹಿಂಬದಿಗೆ ಒಂದು ಲಕೋಟೆ ಅಂಟಿಸಿಡಿ. ಮೂರು ತಿಂಗಳ ನಂತರ ಹಳೆಯ ಬರಹ ಓದದೆ ಅದೇ ಚಿತ್ರದ ಬಾಯಿಂದ ಮತ್ತೊಮ್ಮೆ ಚೀಟಿಯಲ್ಲಿ ಬರೆದು, ಆಮೇಲೆ ಎರಡನ್ನೂ ಹೋಲಿಸಿ ನೋಡಿ. ಚೀಟಿ ಲಕೋಟೆಗೆ ಹಾಕಿ.