ಮೇದು ಬೆಳೆದ ಮಾಂಸಕ್ಕೆ ಪಾಲು ಹಿಡಿಯುವ ಮುನ್ನ

ಅರ್ಧ ಕುರಿ ಅಂದರೆ ಎಷ್ಟು ಕೆ.ಜಿ.? ಮೊದಲ ಸಲ ಪಾಲು ಹಿಡಿದಾಗ ನಾನು ಕೇಳಿದ್ದು ಇದೊಂದೇ ಪ್ರಶ್ನೆ. ‘ಹತ್ತು ಬರುತ್ತೆ’ ಅಂದರು ಸಾಕಿದವರು. ಮನೆಗೆ ಬಂದ ಬಾಕ್ಸನ್ನು ತೂಕಕ್ಕಿಟ್ಟರೆ ಏಳೂಕಾಲು. ಮೋಸ ಹೋದೆ ಅಂತ ಎರಡು ದಿನ ಗೊಣಗಿದೆ. ಅವರು ಹೇಳಿದ್ದೂ ಸರಿ, ತಕ್ಕಡಿ ಹೇಳಿದ್ದೂ ಸರಿ ಅಂತ ಗೊತ್ತಾಗಿದ್ದು ಆಮೇಲೆ. ಅವರದು ಕೊಕ್ಕೆಗೆ ನೇತುಹಾಕಿದ ತೂಕ, ನನ್ನದು ಪಾತ್ರೆಗೆ ಬೀಳುವ ತೂಕ. ಆ ಲೆಕ್ಕಕ್ಕೆ ಮುಂದೆ ಬರೋಣ.

ಪಾಲಿನ ಪದ್ಧತಿ ಇಷ್ಟು: ಹುಲ್ಲುಗಾವಲಿನಲ್ಲಿ ಮೇಯಿಸಿ ಸಾಕುವ ರೈತರಿಗೆ ಋತು ಶುರುವಾಗುವ ಮೊದಲೇ ಮುಂಗಡ ಕೊಟ್ಟು ಹೆಸರು ಬರೆಸುತ್ತೀರಿ. ಹುಲ್ಲು ಚಿಗುರಿ, ಪ್ರಾಣಿ ಮೈತುಂಬಿಕೊಂಡ ಮೇಲೆ ಮಾಂಸ ಬರುತ್ತದೆ. ಕೆಲವರು ಒಂದೇ ಸಲಕ್ಕೆ ಅರ್ಧ ಅಥವಾ ಕಾಲು ಪ್ರಾಣಿ ಕೊಡುತ್ತಾರೆ, ಕೆಲವರು ತಿಂಗಳಿಗೊಂದು ಬಾಕ್ಸ್. ಮರಿ ಕೊಳ್ಳಲು, ಬೇಲಿ ಹಾಕಲು ರೈತರ ಕೈಯಲ್ಲಿ ಹಣ ಬೇಕಾದಾಗಲೇ ಹಣ ಇರುತ್ತದೆ. ಹೀಗೆ ಮೊದಲೇ ಹಣ ಕಟ್ಟಿ ಬೆಳೆಯಲ್ಲಿ ಪಾಲು ಪಡೆಯುವ ಕ್ರಮ ಜಪಾನಿನಲ್ಲಿ ‘ತೇಕೇ’ ಹೆಸರಿನಲ್ಲಿ 1970ರ ದಶಕದಲ್ಲಿ ಹಬ್ಬಿತು. ಅಮೆರಿಕದಲ್ಲಿ ಮೆಸಾಚುಸೆಟ್ಸ್ ಮತ್ತು ನ್ಯೂ ಹ್ಯಾಂಪ್‌ಷೈರ್‌ನ ಎರಡು ತೋಟಗಳು 1986ರಲ್ಲಿ ಇದನ್ನು ಶುರುಮಾಡಿದವು.

ಪಾಲು ಅಂದಮೇಲೆ ನಷ್ಟದಲ್ಲೂ ಪಾಲೇ. ಮಳೆ ಕೈಕೊಟ್ಟ ವರ್ಷ ಹುಲ್ಲು ಕಮ್ಮಿ, ತೂಕವೂ ಕಮ್ಮಿ. ರೋಗ ಬಂದು ಪ್ರಾಣಿ ಸತ್ತರೆ ಮುಂಗಡ ವಾಪಸ್ಸೋ, ಮುಂದಿನ ಋತುವಿಗೆ ಜಮೆಯೋ ಎಂಬುದನ್ನು ಹಣ ಕೊಡುವ ದಿನವೇ ಬರೆಸಿಕೊಳ್ಳಿ. ಬಾಯಿಮಾತಿನಲ್ಲಿ ಮುಗಿಸಬೇಡಿ, ಎಷ್ಟೇ ಒಳ್ಳೆಯವರಿರಲಿ.

1. ಫ್ರೀಜರ್ ಅಳೆಯಿರಿ

ಪ್ರಾಣಿಗಿಂತ ಮೊದಲು ನೋಡಬೇಕಾದದ್ದು ಇದು. ಒಂದು ಕೆ.ಜಿ. ಮಾಂಸಕ್ಕೆ ಸುಮಾರು 2 ಲೀಟರ್ ಜಾಗ ಹಿಡಿಯಿರಿ, ಮೂಳೆ ಜಾಸ್ತಿ ಇದ್ದರೆ ಇನ್ನೂ ಸ್ವಲ್ಪ. ಅರ್ಧ ಕುರಿಗೆ ಮನೆಯ ಫ್ರಿಜ್ಜಿನ ಮೇಲಿನ ಖಾನೆ ಖಾಲಿ ಮಾಡಿಕೊಟ್ಟರೆ ಸಾಕಾಗುತ್ತದೆ. ಅದಕ್ಕೂ ಮೇಲೆ ಹೋದರೆ ಪೆಟ್ಟಿಗೆಯ ಹಾಗೆ ಮೇಲಿಂದ ಬಾಗಿಲು ತೆಗೆಯುವ ಡೀಪ್ ಫ್ರೀಜರ್ ಬೇಕು. ಮನೆಯಲ್ಲಿ ವಾರಕ್ಕೆ ಎಷ್ಟು ಮಾಂಸ ಖರ್ಚಾಗುತ್ತದೆ ಎಂದು ಒಂದು ತಿಂಗಳು ಬರೆದಿಡಿ. ಅಂದಾಜಿನಲ್ಲಿ ಹೇಳಿದರೆ ಎಲ್ಲರೂ ಜಾಸ್ತಿಯೇ ಹೇಳುತ್ತೇವೆ.

ಹೊಸಬರಾದರೆ ಕೋಳಿಯಿಂದ ಶುರುಮಾಡಿ. ಎಣಿಸಿ ತರಬಹುದು, ಎಡವಟ್ಟಾದರೂ ಸಣ್ಣದು.

2. ಒಮ್ಮೆ ಹೋಗಿ ನೋಡಿ ಬನ್ನಿ

ಪ್ರಾಣಿಗಳ ಮೈ ನೋಡುವ ಮುನ್ನ ಕಾಲಡಿಯ ಹುಲ್ಲು ನೋಡಿ. ಕುರಿ, ಮೇಕೆಗಳ ಹೊಟ್ಟೆಹುಳದ ಮರಿಗಳು ಹೆಚ್ಚಾಗಿ ಇರುವುದು ಹುಲ್ಲಿನ ಬುಡದಿಂದ ಐದು ಸೆಂ.ಮೀ. ಎತ್ತರದೊಳಗೆ. ಬೋಳುತಲೆಯ ಹಾಗೆ ಮೇಯಿಸಿಬಿಟ್ಟ ನೆಲದಲ್ಲಿ ಪ್ರತಿ ಬಾಯಿಗೂ ಹುಳ, ಹುಳಕ್ಕೆ ಮತ್ತೆ ಮತ್ತೆ ಮದ್ದು. ಜಾಣ ಸಾಕಣೆದಾರರು ಹುಲ್ಲು ಅಷ್ಟು ಕೆಳಗಿಳಿಯುವ ಮೊದಲೇ ಮಂದೆಯನ್ನು ಪಕ್ಕದ ತುಂಡಿಗೆ ಹೊಡೆಯುತ್ತಾರೆ. ಮೇಯಿಸಿದ ತುಂಡು, ಮೇಯುತ್ತಿರುವ ತುಂಡು, ಮುಂದಿನ ವಾರಕ್ಕೆ ಬಿಟ್ಟ ತುಂಡು ಮೂರೂ ಅಕ್ಕಪಕ್ಕ ಬೇರೆಬೇರೆ ಎತ್ತರದಲ್ಲಿ ಕಂಡರೆ ಅರ್ಧ ಪರೀಕ್ಷೆ ಅಲ್ಲೇ ಮುಗಿಯಿತು.

ಉಳಿದರ್ಧಕ್ಕೆ ಪ್ರಶ್ನೆಗಳು. ಮದ್ದು ಕೊಟ್ಟ ಮೇಲೆ ಎಷ್ಟು ದಿನ ಬಿಟ್ಟು ಕೊಯ್ಯುತ್ತೀರಿ? ಪ್ರತಿ ಔಷಧಿಯ ಚೀಟಿಯಲ್ಲೂ ಈ ಅವಧಿ ಬರೆದಿರುತ್ತದೆ. ತಡವರಿಸದೆ ಉತ್ತರ ಬಂದರೆ, ದಿನಾಂಕ ಬರೆದ ಪುಸ್ತಕ ತೋರಿಸಿದರೆ ಇನ್ನೂ ಒಳ್ಳೆಯದು. ಕೊಯ್ಯುವುದು ಎಲ್ಲಿ, ಪಶುವೈದ್ಯರ ತಪಾಸಣೆ ಆಗುತ್ತದೆಯೇ? ನಿಮ್ಮಲ್ಲಿ ಯಾವ ಪ್ರಾಣಿಗೆ ಏನು ಕಾನೂನು ಎಂಬುದನ್ನೂ ತಿಳಿದುಕೊಂಡೇ ಹೋಗಿ.

ಕೊನೆಯದು ಮೇವು. ‘ಹೊರಗೆ ಬಿಡುತ್ತೇವೆ’ ಎನ್ನುವುದಕ್ಕೂ ‘ಹುಲ್ಲಿನಲ್ಲೇ ಬೆಳೆದದ್ದು’ ಎನ್ನುವುದಕ್ಕೂ ತುಂಬ ದೂರ. ದನ, ಕುರಿ, ಮೇಕೆ ಹುಲ್ಲುಸೊಪ್ಪಿನಲ್ಲೇ ಬೆಳೆಯಬಲ್ಲವು, ಆದರೆ ಕೊನೆಯ ತಿಂಗಳುಗಳಲ್ಲಿ ಕಟ್ಟಿಹಾಕಿ ಕಾಳು ತಿನ್ನಿಸಿ ಕೊಬ್ಬಿಸುವವರೂ ಇದ್ದಾರೆ. ಅದಕ್ಕೇ ‘ಕೊನೆಯ ಮೂರು ತಿಂಗಳು ಏನು ತಿಂದಿತು?’ ಎಂದೇ ಕೇಳಿ. ಕೋಳಿ, ಹಂದಿಗಳಿಗೆ ಬರೀ ಹುಲ್ಲು ಸಾಲದು, ಕಾಳು ಬೇಕೇಬೇಕು. ಹುಲ್ಲೊಂದನ್ನೇ ತಿಂದು ಬೆಳೆದ ಕೋಳಿ ಅಂತ ಯಾರಾದರೂ ಮಾರಲು ಬಂದರೆ ನಕ್ಕು ಸುಮ್ಮನಾಗಿ.

ಕೊಬ್ಬು ಹಳದಿ ಇದ್ದರೆ ಮಾತ್ರ ಹುಲ್ಲು ತಿಂದ ಪ್ರಾಣಿ ಎಂಬ ಮಾತು ಕೇಳಿರಬಹುದು. ದನದ ಮಟ್ಟಿಗೆ ಅದರಲ್ಲಿ ಹುರುಳಿದೆ, ಹಸಿಹುಲ್ಲಿನ ಕ್ಯಾರೋಟಿನ್ ಅದರ ಕೊಬ್ಬಿನಲ್ಲಿ ಉಳಿಯುತ್ತದೆ. ಕುರಿ, ಮೇಕೆ, ಎಮ್ಮೆಗಳ ಕೊಬ್ಬು ಎಷ್ಟು ಹುಲ್ಲು ತಿಂದರೂ ಬೆಳ್ಳಗೇ ಇರುತ್ತದೆ. ಬಿಳಿ ಕೊಬ್ಬು ನೋಡಿ ಜಗಳಕ್ಕೆ ಹೋಗಬೇಡಿ.

3. ಯಾವ ತೂಕ ಅಂತ ಕೇಳಿ

ಒಂದು ಪ್ರಾಣಿಗೆ ಮೂರು ತೂಕ. ಜೀವಂತ ನಿಂತಾಗಿನದು ಒಂದು. ಕೊಯ್ದು, ಚರ್ಮ ಸುಲಿದು, ಹೊಟ್ಟೆಯೊಳಗಿನದು, ತಲೆ, ಕಾಲು ತೆಗೆದು ಕೊಕ್ಕೆಗೆ ಹಾಕಿದಾಗಿನದು ಎರಡನೆಯದು. ಕತ್ತರಿಸಿ, ಬೇಡದ ಮೂಳೆ, ಕೊಬ್ಬು, ಪೊರೆ ಬಿಡಿಸಿ ಪ್ಯಾಕೆಟ್ಟಿಗೆ ತುಂಬಿದ್ದು ಮೂರನೆಯದು. ನಾವು ತಿನ್ನುವುದು ಮೂರನೆಯದನ್ನು. ಬೆಲೆ ಹೇಳುವುದು ಬಹಳ ಸಲ ಎರಡನೆಯದರ ಮೇಲೆ, ಕೆಲವೊಮ್ಮೆ ಮೊದಲನೆಯದರ ಮೇಲೆ.

ನನ್ನ ಕುರಿಯ ಲೆಕ್ಕವನ್ನೇ ತೆಗೆದುಕೊಳ್ಳಿ. ನಿಂತಾಗ 40 ಕೆ.ಜಿ. ಕೊಕ್ಕೆಯಲ್ಲಿ 20. ಪ್ಯಾಕೆಟ್ಟುಗಳಲ್ಲಿ ಹದಿನಾಲ್ಕೂವರೆ, ಅದೂ ಮೂಳೆ ಸಮೇತ. ಅದರರ್ಧ ಏಳೂಕಾಲು. ಕುರಿ, ಮೇಕೆಗಳು ಕೊಕ್ಕೆಗೆ ಬರುವಾಗ ಜೀವಂತ ತೂಕದ ಅರ್ಧಕ್ಕೆ, ಇಲ್ಲವೇ ಇನ್ನೂ ಕೆಳಗೆ ಇಳಿಯುತ್ತವೆ. ಹುಲ್ಲಿನ ದನ ಶೇ 55ರ ಆಸುಪಾಸು. ಕೋಳಿ, ಹಂದಿಯಲ್ಲಿ ನಷ್ಟ ಕಮ್ಮಿ, ಶೇ 70ಕ್ಕೂ ಮೇಲೆ ಉಳಿಯುತ್ತದೆ. ಪೂರ್ತಿ ಮೂಳೆ ಬಿಡಿಸಿಕೊಡಿ ಅಂದರೆ ಪ್ಯಾಕೆಟ್ಟಿನ ತೂಕ ಮತ್ತೆ ಇಳಿಯುತ್ತದೆ, ಅದು ನಿಮ್ಮದೇ ಆಯ್ಕೆ.

ಕೊಕ್ಕೆ ತೂಕಕ್ಕೆ ಕೆ.ಜಿ.ಗೆ 100 ಎಂದು ಇಟ್ಟುಕೊಳ್ಳಿ. ನಾಲ್ಕರಲ್ಲಿ ಮೂರು ಭಾಗ ಪ್ಯಾಕೆಟ್ಟಿಗೆ ಬಂದರೆ ನೀವು ನಿಜಕ್ಕೂ ಕೊಟ್ಟದ್ದು 133. ಅದರ ಮೇಲೆ ಕೊಯ್ಯುವ ಕೂಲಿ, ಕತ್ತರಿಸುವ ಕೂಲಿ, ಪ್ಯಾಕಿಂಗ್, ಸಾಗಣೆ. ಇವೆಲ್ಲ ಸೇರಿದ ಮೊತ್ತವನ್ನು ಪ್ಯಾಕೆಟ್ಟಿನ ಕೆ.ಜಿ.ಯಿಂದ ಭಾಗಿಸಿದ ಮೇಲೆ ಅಂಗಡಿಯ ಬೆಲೆಯ ಪಕ್ಕ ಇಡಿ. ಆಗಲೂ ಪಾಲಿನದು ಹೆಚ್ಚೇ ಬರಬಹುದು. ನಿಧಾನಕ್ಕೆ ಬೆಳೆದದ್ದಕ್ಕೆ ಖರ್ಚು ಜಾಸ್ತಿ: ಶೆಡ್ಡಿನ ಬ್ರಾಯ್ಲರ್ ಆರು ವಾರದೊಳಗೆ ಸಿದ್ಧವಾದರೆ, ಹೊರಗೆ ಓಡಾಡುವ ನಿಧಾನ ತಳಿಯ ಕೋಳಿ ಹನ್ನೆರಡು ವಾರ ತಿನ್ನುತ್ತದೆ.

4. ಕತ್ತರಿಸುವವರಿಗೆ ಚೀಟಿ ಕೊಡಿ

ನಾನು ಚೀಟಿ ಕೊಟ್ಟಿರಲಿಲ್ಲ. ಎರಡೆರಡು ಕೆ.ಜಿ. ಗಂಟುಗಳು ಬಂದವು. ಇಬ್ಬರಿಗೆ ಅಡುಗೆ ಮಾಡಬೇಕಾದ ದಿನ ಕಲ್ಲಿನಂಥ ಗಂಟನ್ನು ಸಿಂಕಿನಲ್ಲಿಟ್ಟುಕೊಂಡು ಚಾಕು ಹಿಡಿದು ನಿಂತದ್ದು ಇನ್ನೂ ನೆನಪಿದೆ. ಲಿವರ್ ಬಂದೇ ಇರಲಿಲ್ಲ, ಕೇಳಿದರೆ ‘ನಿಮಗೆ ಬೇಕು ಅಂತ ಹೇಳಲೇ ಇಲ್ಲವಲ್ಲ’.

ಪ್ಯಾಕೆಟ್ಟು ಎಷ್ಟು ತೂಕದ್ದು, ಯಾವ ಭಾಗ ತುಂಡು, ಯಾವುದು ಕೀಮಾ, ಯಾವುದು ಇಡಿಯಾಗಿ ಎಂದು ಬರೆಯಿರಿ. ಲಿವರ್, ಹೃದಯ, ಕಿಡ್ನಿ, ತಲೆ, ಕಾಲು, ಸಾರಿನ ಮೂಳೆ, ಕೊಬ್ಬು ಒಂದೊಂದನ್ನೂ ಹೆಸರು ಹಿಡಿದು ಬರೆಯಿರಿ. ಅರ್ಧ ಕುರಿಯಲ್ಲಿ ಹಿಂದೊಡೆ ಒಂದೇ ಇರುತ್ತದೆ ಎಂಬುದು ಬರೆಯುವಾಗ ನೆನಪಿರಲಿ. ಚಾಪ್ಸ್ ಮಾತ್ರ ಬೇಕು ಎನ್ನುವವರು ಅಂಗಡಿಗೆ ಹೋಗುವುದೇ ವಾಸಿ.

ಇನ್ನೊಂದು ಮಾತನ್ನೂ ಚೀಟಿಯ ಮೇಲೆಯೇ ಸೇರಿಸಿ: ಎಷ್ಟು ದಿನ ತಂಪಿನಲ್ಲಿ ಇಡುತ್ತೀರಿ? ಕೊಯ್ದ ಕೆಲ ಗಂಟೆಗಳಲ್ಲಿ ಸ್ನಾಯು ಸೆಟೆದುಕೊಳ್ಳುತ್ತದೆ. ಅದು ಕಳೆಯುವ ಮೊದಲೇ ಫ್ರೀಜರಿಗೆ ಹೋದ ಮಾಂಸ ಬೇಯಿಸಿದಾಗ ರಬ್ಬರಾಗುತ್ತದೆ. ಕೋಳಿಗೆ ಒಂದು ದಿನ ಸಾಕು, ಕುರಿಗೆ ಕೆಲವು ದಿನ, ದನಕ್ಕೆ 10ರಿಂದ 14 ದಿನ.

5. ಮನೆಗೆ ಬಂದ ದಿನ

ಮೊದಲು ತೂಕ ಹಾಕಿ, ಬರೆದಿಡಿ. ಮಾಂಸ ಮೊದಲೇ ಗಟ್ಟಿ ಹೆಪ್ಪುಗಟ್ಟಿ ಬಂದಿದ್ದರೆ ನೇರ ಫ್ರೀಜರಿಗೆ. ಹಸಿಯಾಗಿ ಬಂದಿದ್ದರೆ ಎಲ್ಲವನ್ನೂ ಒಟ್ಟಿಗೆ ತುರುಕಬೇಡಿ, 200 ಲೀಟರಿನ ಫ್ರೀಜರ್ ದಿನಕ್ಕೆ ಏಳೆಂಟು ಕೆ.ಜಿ.ಯನ್ನಷ್ಟೇ ಸರಿಯಾಗಿ ಹೆಪ್ಪುಗಟ್ಟಿಸೀತು. ಉಳಿದದ್ದು ಫ್ರಿಜ್ಜಿನಲ್ಲಿ ಸರದಿ ಕಾಯಲಿ. ಪ್ಯಾಕೆಟ್ಟುಗಳನ್ನು ಚಪ್ಪಟೆ ಮಾಡಿ, ನಡುವೆ ಗಾಳಿ ಆಡುವಂತೆ ಹರಡಿ, ಗಟ್ಟಿಯಾದ ಮೇಲೆ ಒತ್ತೊತ್ತಾಗಿ ಜೋಡಿಸಿ. ಒಳಗೆ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಇರಬೇಕು.

ಹೆಸರು, ದಿನಾಂಕವನ್ನು ಅಳಿಯದ ಮಾರ್ಕರಿನಲ್ಲಿ ಬರೆಯಿರಿ. ಬಾಲ್‌ಪೆನ್ನಿನಲ್ಲಿ ಬರೆದು ಅಂಟಿಸಿದ ನನ್ನ ಚೀಟಿಗಳು ಮೂರೇ ವಾರದಲ್ಲಿ ನೀಲಿ ಕಲೆಯಾಗಿ ಹೋಗಿದ್ದವು. ಆಮೇಲೆ ಒಂದು ತಿಂಗಳು ಏನು ಕರಗುತ್ತದೋ ಅದೇ ಅಡುಗೆ.

ಕೀಮಾ, ಲಿವರ್ ಮೂರು ನಾಲ್ಕು ತಿಂಗಳಲ್ಲಿ ಮುಗಿಸಿ. ದೊಡ್ಡ ತುಂಡುಗಳು ಆರು ತಿಂಗಳಿಂದ ವರ್ಷದವರೆಗೆ ರುಚಿ ಕೆಡದೆ ಇರುತ್ತವೆ, ಇಡೀ ಕೋಳಿ ಒಂದು ವರ್ಷ. ಕರೆಂಟ್ ಹೋದರೆ ಬಾಗಿಲು ತೆಗೆದು ತೆಗೆದು ನೋಡಬೇಡಿ. ಮುಚ್ಚಿಯೇ ಇಟ್ಟರೆ ತುಂಬಿದ ಫ್ರೀಜರ್ 48 ಗಂಟೆ ತಡೆಯುತ್ತದೆ, ಅರ್ಧ ತುಂಬಿದ್ದು 24.

6. ಒಲೆಯ ಮೇಲೆ

ಹಿಂದಿನ ದಿನವೇ ಫ್ರಿಜ್ಜಿನ ಕೆಳಖಾನೆಗೆ ಇಳಿಸಿ ಕರಗಿಸಿ. ಕಟ್ಟೆಯ ಮೇಲೆ ಬಿಟ್ಟರೆ ಒಳಗೆ ಕಲ್ಲಾಗಿರುವಾಗಲೇ ಹೊರಗೆ ಕೆಡಲು ಶುರುವಾಗಿರುತ್ತದೆ, ಹೆಪ್ಪುಗಟ್ಟಿಸಿದ್ದರಿಂದ ಬ್ಯಾಕ್ಟೀರಿಯಾ ಸತ್ತಿರುವುದಿಲ್ಲ. ನಡೆದಾಡಿ ಬೆಳೆದ ಪ್ರಾಣಿಯ ಮಾಂಸದಲ್ಲಿ ಕೊಬ್ಬು ಕಮ್ಮಿ. ಹಾಗಾಗಿ ಬೆನ್ನಿನ ಮೆತ್ತನೆ ಭಾಗವನ್ನು ದೊಡ್ಡ ಉರಿಯಲ್ಲಿ ಹುರಿದರೆ ಬೇಗ ಒಣಗುತ್ತದೆ, ಮಾಮೂಲಿಗಿಂತ ಸ್ವಲ್ಪ ಮೊದಲೇ ಇಳಿಸಿ. ಭುಜ, ಕಾಲಿನ ಭಾಗ ಇದಕ್ಕೆ ತಿರುಗಾಮುರುಗಾ. ದುಡಿದ ಸ್ನಾಯು ಅದು, ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೆಂದು ನಾರು ಕರಗಿದಾಗಲೇ ರುಚಿ ಬಿಡುತ್ತದೆ. ಕುಕ್ಕರಿನ ಹಳೇ ಕೂಗಿನ ಲೆಕ್ಕವನ್ನು ಮೊದಲ ಸಲ ನಂಬಬೇಡಿ, ತೆಗೆದು ಒತ್ತಿ ನೋಡಿ. ಥರ್ಮಾಮೀಟರ್ ಇದ್ದವರು ಕೋಳಿಯ ಒಳಭಾಗ 74 ಡಿಗ್ರಿ, ಕೀಮಾ 71 ಡಿಗ್ರಿ ಮುಟ್ಟಿದೆಯೇ ನೋಡಿಕೊಳ್ಳಿ.

ಋತು ಮುಗಿಯುವ ಹೊತ್ತಿಗೆ ಫ್ರೀಜರಿನ ತಳದಲ್ಲಿ ಏನು ಉಳಿದಿದೆ ನೋಡಿ. ನನ್ನಲ್ಲಿ ಉಳಿದದ್ದು ಎರಡು ಪ್ಯಾಕೆಟ್ ಪಕ್ಕೆಲುಬು, ಒಂದು ಪ್ಯಾಕೆಟ್ ಕೊಬ್ಬು. ಮುಂದಿನ ಸಲದ ಚೀಟಿಯಲ್ಲಿ ಪಕ್ಕೆಲುಬಿನ ಎದುರು ‘ಕೀಮಾ’ ಎಂದು ಬರೆದೆ, ಕೊಬ್ಬಿನ ಎದುರು ಅಡ್ಡಗೆರೆ ಎಳೆದೆ, ಲಿವರ್‌ನ ಕೆಳಗೆ ಎರಡು ಗೆರೆ.